ಇಂಗ್ಲಿಷ್ ಕತೆಯಲ್ಲಿ ಮಾತು ಬರೆಯುವಾಗ ಕಾಮಾ ಎಲ್ಲಿ, ‘ಸೆಡ್’ ಎಲ್ಲಿ?

ವರದಾ ತೀರ:

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಹತ್ತಿರ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ನಮ್ಮ ಒಂಬತ್ತನೇ ಕ್ಲಾಸಿನ ಮಕ್ಕಳು ಮನೆಯ ಹಿರಿಯರ ಬಾಯಲ್ಲಿ ಕೇಳಿದ ಕತೆಗಳನ್ನು ಇಂಗ್ಲಿಷಿನಲ್ಲಿ ಬರೆದು ಒಂದು ಕೈಬರಹದ ಪತ್ರಿಕೆ ಮಾಡುತ್ತಿದ್ದಾರೆ. ಕತೆ ಅಂದಮೇಲೆ ಮಾತು ಬರಲೇಬೇಕಲ್ವಾ. ನರಿ ಮಾತಾಡುತ್ತದೆ, ಹುಲಿ ಮಾತಾಡುತ್ತದೆ, ನಡುವೆ ಅಜ್ಜಿ ಬಾಯಿ ಹಾಕುತ್ತಾಳೆ. ತೊಡಕು ಶುರುವಾಗುವುದೇ ಅಲ್ಲಿ.

ಮಕ್ಕಳು ಬರೆಯುವುದು ಹೀಗೆ. (ಚಿಹ್ನೆ ಎಲ್ಲಿದೆ ಅನ್ನುವುದೇ ಮುಖ್ಯ, ಹಾಗಾಗಿ ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ.)

ದ ಫಾಕ್ಸ್ “ಐ ವಿಲ್ ಕಮ್ ಟುಮಾರೊ” ಸೆಡ್.

ಇನ್ನು ಕೆಲವರು ಹೀಗೆ:

ದ ಫಾಕ್ಸ್ ಟೋಲ್ಡ್ ದಟ್ “ಐ ವಿಲ್ ಕಮ್ ಟುಮಾರೊ”.

ಕೆಂಪು ಶಾಯಿಯಲ್ಲಿ ತಿದ್ದಿ ಕೊಡಬಹುದು. ಆದರೆ ಮಕ್ಕಳು “ಯಾಕೆ ಸರ್?” ಅಂತ ಕೇಳುತ್ತಾರೆ, ಕೇಳಲೂ ಬೇಕು. ಒಬ್ಬ ಹುಡುಗ ಹೋದ ವಾರ ಕೇಳಿದ್ದು: “ಪ್ರಶ್ನೆ ಚಿಹ್ನೆ ಹಾಕಿದಮೇಲೆ ವಾಕ್ಯ ಮುಗೀತಲ್ವಾ? ಮತ್ತೆ ಅದರ ಮುಂದಿನ ‘ಹಿ ಆಸ್ಕ್ಡ್’ನಲ್ಲಿ ‘ಹಿ’ ಯಾಕೆ ಸಣ್ಣಕ್ಷರ?” ಇನ್ನೊಬ್ಬಳು ಲೈಬ್ರರಿಯಿಂದ ಎರಡು ಕತೆಪುಸ್ತಕ ತಂದಳು, ಒಂದು ಲಂಡನ್ನಿನಲ್ಲಿ ಅಚ್ಚಾದದ್ದು, ಇನ್ನೊಂದು ನ್ಯೂಯಾರ್ಕಿನದು. ಒಂದರಲ್ಲಿ ಒಂಟಿ ಕೊಟೇಶನ್, ಇನ್ನೊಂದರಲ್ಲಿ ಜೋಡಿ. ಲಂಡನ್ ಪುಸ್ತಕದಲ್ಲಿ ಕಾಮಾ ಕೆಲವು ಕಡೆ ಕೊಟೇಶನ್ನಿನ ಹೊರಗೂ ಇದೆ. ಎರಡರಲ್ಲೂ ‘ಸೆಡ್ ದ ಫಾಕ್ಸ್’ ಇದೆ, ‘ದ ಫಾಕ್ಸ್ ಸೆಡ್’ ಕೂಡ ಇದೆ. ಹಾಗಾದರೆ ‘ಸೆಡ್ ಹಿ’ ಯಾಕೆ ಎಲ್ಲೂ ಇಲ್ಲ ಅಂತ ಅವಳ ಪ್ರಶ್ನೆ.

ನಿಯಮದ ಪಟ್ಟಿ ನನ್ನ ಹತ್ತಿರ ಇದೆ. ನನಗೆ ಬೇಕಾದದ್ದು ಆ ನಿಯಮಗಳ ಹಿಂದಿನ ಕಾರಣ. ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಪ್ರೂಫ್ ಪದ್ಮಾ:

ಸರ್, ನಿಮ್ಮ ಮಕ್ಕಳ ಪ್ರಶ್ನೆಗಳು ಬಹಳ ಚೆನ್ನಾಗಿವೆ. ನಾನು ಬೆಂಗಳೂರಿನಲ್ಲಿ ಹೊರದೇಶದ ಪ್ರಕಾಶಕರ ಪುಸ್ತಕಗಳನ್ನು ತಿದ್ದುವ ಕೆಲಸ ಮಾಡಿದವಳು. ಬೆಳಿಗ್ಗೆ ಬ್ರಿಟನ್ನಿನ ಕಾದಂಬರಿ, ಮಧ್ಯಾಹ್ನ ಅಮೆರಿಕದ್ದು. ಈ ಕಾಮಾಗಳ ಜೊತೆ ನನ್ನ ಬದುಕಿನ ಒಳ್ಳೆಯ ಪಾಲು ಕಳೆದಿದೆ. ಸ್ವಲ್ಪ ಉದ್ದವಾಗುತ್ತದೆ, ಓದಿ.

ಮಕ್ಕಳಿಗೆ ಮೊದಲು ಒಂದೇ ಒಂದು ವಿಷಯ ಹೇಳಿ. ಕೊಟೇಶನ್ ಒಳಗಿನ ಮಾತು, ಹೊರಗಿನ ‘ಶಿ ಸೆಡ್’, ಎರಡೂ ಸೇರಿ ಒಂದೇ ವಾಕ್ಯ. ಇದು ತಲೆಗೆ ಹೋದರೆ ಮುಕ್ಕಾಲು ಪಾಲು ನಿಯಮಗಳನ್ನು ಅವರೇ ಕಂಡುಕೊಳ್ಳುತ್ತಾರೆ.

ಪದಗಳ ಜಾಗದಿಂದಲೇ ಶುರು ಮಾಡೋಣ. ‘ದ ಫಾಕ್ಸ್ “ಐ ವಿಲ್ ಕಮ್ ಟುಮಾರೊ” ಸೆಡ್’ ಅಂತ ಬರೆದ ಮಗು ಕನ್ನಡವನ್ನು ಸರಿಯಾಗಿ ತಿಳಿದ ಮಗು. ನಮ್ಮಲ್ಲಿ ‘ನರಿ, ನಾಳೆ ಬರ್ತೀನಿ, ಅಂತು’. ಕ್ರಿಯಾಪದ ಕೊನೆಗೆ ಬರುತ್ತದೆ. ‘ನರಿ ದ್ರಾಕ್ಷಿ ತಿಂತು’ ಅನ್ನುವುದೂ ಅದೇ ಸಾಲು. ಈಗ ಆ ಮಗುವಿಗೆ ‘ನರಿ ದ್ರಾಕ್ಷಿ ತಿಂತು’ ಎಂಬುದನ್ನೇ ಇಂಗ್ಲಿಷಿನಲ್ಲಿ ಬರೆಯಲು ಹೇಳಿ. ಒಂಬತ್ತನೇ ಕ್ಲಾಸಿನಲ್ಲಿ ಯಾರೂ ‘ದ ಫಾಕ್ಸ್ ಗ್ರೇಪ್ಸ್ ಏಟ್’ ಅಂತ ಬರೆಯುವುದಿಲ್ಲ. ‘ದ ಫಾಕ್ಸ್ ಏಟ್ ಗ್ರೇಪ್ಸ್’ ಅಂತಲೇ ಬರೆಯುತ್ತಾರೆ. ಆಮೇಲೆ ‘ಏಟ್’ ತೆಗೆದು ‘ಸೆಡ್’ ಹಾಕಿಸಿ, ‘ಗ್ರೇಪ್ಸ್’ ಇದ್ದ ಜಾಗಕ್ಕೆ ಇಡೀ ಮಾತನ್ನು ತಂದು ಇಡಿಸಿ:

ದ ಫಾಕ್ಸ್ ಸೆಡ್, “ಐ ವಿಲ್ ಕಮ್ ಟುಮಾರೊ.”

ಮಾತು ಎಷ್ಟೇ ಉದ್ದ ಇರಲಿ, ಇಂಗ್ಲಿಷ್ ವಾಕ್ಯದಲ್ಲಿ ಅದು ಕೂರುವುದು ಕರ್ಮದ ಜಾಗದಲ್ಲಿ. ಒಂದು ಸೌಲಭ್ಯ ಮಾತ್ರ ಜಾಸ್ತಿ ಇದೆ. ದ್ರಾಕ್ಷಿಯನ್ನು ವಾಕ್ಯದ ಮುಂದಕ್ಕೆ ತಂದರೆ ಇಂಗ್ಲಿಷ್ ಕಿವಿಗೆ ಒರಟಾಗುತ್ತದೆ. ಆಡಿದ ಮಾತನ್ನು ಮುಂದಕ್ಕೆ ತಂದರೆ ಹಾಗೆ ಒರಟಾಗುವುದಿಲ್ಲ. ಕತೆ ಓದುವವರಿಗೆ ಮೊದಲು ಮಾತೇ ಬೇಕು, ಯಾರು ಆಡಿದ್ದು ಅನ್ನುವುದು ಆಮೇಲೆ. ಹಾಗಾಗಿ ಕತೆಗಳಲ್ಲಿ ಮಾತು ಮುಂದೆ ಬರುವುದೇ ಹೆಚ್ಚು:

“ಐ ವಿಲ್ ಕಮ್ ಟುಮಾರೊ,” ದ ಫಾಕ್ಸ್ ಸೆಡ್.

ಇಲ್ಲಿ ‘ಟುಮಾರೊ’ ಆದಮೇಲೆ ಫುಲ್‌ಸ್ಟಾಪ್ ಇಲ್ಲ, ಕಾಮಾ ಇದೆ. ನರಿ ಮಾತು ಮುಗಿಸಿದೆ, ನಮ್ಮ ವಾಕ್ಯ ಇನ್ನೂ ಮುಗಿದಿಲ್ಲ. ‘ಸೆಡ್’ ಬರುವವರೆಗೂ ವಾಕ್ಯದ ಬಾಗಿಲು ತೆರೆದೇ ಇರಬೇಕು. ಅಷ್ಟನ್ನು ಹೇಳುವುದಕ್ಕೇ ಆ ಕಾಮಾ.

ನಿಮ್ಮ ಹುಡುಗನ ಪ್ರಶ್ನೆಗೂ ಇಲ್ಲೇ ಉತ್ತರ ಇದೆ.

“ವೇರ್ ಆರ್ ಯು ಗೋಯಿಂಗ್?” ಹಿ ಆಸ್ಕ್ಡ್.

ಪ್ರಶ್ನೆ ಮುಗಿದದ್ದು ಒಳಗಿನ ಮಾತಿನಲ್ಲಿ. ಹೊರಗಿನ ವಾಕ್ಯ ‘ಆಸ್ಕ್ಡ್’ ಆದಮೇಲೆ ಮುಗಿಯುತ್ತದೆ. ಅದಕ್ಕೇ ‘ಹಿ’ ಸಣ್ಣಕ್ಷರ. ಪ್ರಶ್ನೆ ಚಿಹ್ನೆ, ಆಶ್ಚರ್ಯ ಚಿಹ್ನೆಗಳನ್ನು ಕಾಮಾ ಮಾಡಲು ಬರುವುದಿಲ್ಲ, ಮಾಡಿದರೆ ಅದು ಪ್ರಶ್ನೆ ಅನ್ನುವುದೇ ಕಳೆದುಹೋಗುತ್ತದೆ. ಹಾಗಾಗಿ ಅವು ಉಳಿದುಕೊಳ್ಳುತ್ತವೆ, ಅವುಗಳ ಪಕ್ಕ ಇನ್ನೊಂದು ಕಾಮಾ ಬೇಡ. ‘ಐ’ ಮತ್ತು ಹೆಸರುಗಳು ಎಲ್ಲಿದ್ದರೂ ದೊಡ್ಡಕ್ಷರವೇ, ಅದರ ಮಾತು ಬೇರೆ. ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಬರೆಯುವವರು ಇಲ್ಲಿ ಎಚ್ಚರವಾಗಿರಬೇಕು. ಪ್ರಶ್ನೆ ಚಿಹ್ನೆ ಕಂಡ ಕೂಡಲೇ ಮುಂದಿನ ಅಕ್ಷರವನ್ನು ಯಂತ್ರ ತಾನಾಗಿಯೇ ದೊಡ್ಡದು ಮಾಡಿಬಿಡುತ್ತದೆ.

ಇನ್ನು ‘ಸೆಡ್ ದ ಫಾಕ್ಸ್’. ಮಾತು, ಕೊನೇಪಕ್ಷ ಅದರ ಒಂದು ತುಂಡು, ಮುಂದೆ ಬಂದಾಗ ಮಾತ್ರ ಕತೆಯಲ್ಲಿ ಕರ್ತೃ ಮತ್ತು ಕ್ರಿಯಾಪದ ಜಾಗ ಬದಲಾಯಿಸಬಹುದು. ಅದೂ ಕರ್ತೃ ನಾಮಪದ ಆಗಿದ್ದರೆ. ‘ಸೆಡ್ ಹಿ’, ‘ಸೆಡ್ ಶಿ’ ಹಳೆಯ ಕತೆ, ಹಾಡುಗಳಲ್ಲಿ ಸಿಗುತ್ತವೆ, ಇವತ್ತಿನ ಗದ್ಯದಲ್ಲಿ ಬರೆಯುವುದಿಲ್ಲ. ವಾಕ್ಯದ ಕೊನೆಯಲ್ಲಿ ತೂಕ ಬೀಳಬೇಕು ಅನ್ನುವುದು ಇಂಗ್ಲಿಷಿನ ಸ್ವಭಾವ. ‘ಹಿ’ ಅನ್ನುವ ಸಣ್ಣ ಪದಕ್ಕೆ ಆ ತೂಕ ಇಲ್ಲ. ‘ದ ಫಾಕ್ಸ್’ಗೆ ಇದೆ. ಕರ್ತೃ ಉದ್ದ ಇದ್ದಾಗ ಅಂತೂ ಹೀಗೆ ತಿರುಗಿಸುವುದೇ ವಾಸಿ:

“ನೋಬಡಿ ಈಸ್ ಹೋಮ್,” ಸೆಡ್ ದ ಓಲ್ಡ್ ವುಮನ್ ಹೂ ಲಿವ್ಡ್ ಬೈ ದ ರಿವರ್.

ಇದನ್ನೇ ‘ದ ಓಲ್ಡ್ ವುಮನ್ ಹೂ ಲಿವ್ಡ್ ಬೈ ದ ರಿವರ್ ಸೆಡ್’ ಅಂತ ಬರೆದು ಜೋರಾಗಿ ಓದಿಸಿ. ಕೊನೆಯಲ್ಲಿ ‘ಸೆಡ್’ ಒಂಟಿಯಾಗಿ ಬಿದ್ದುಹೋಗುವುದು ಮಕ್ಕಳ ಕಿವಿಗೇ ತಿಳಿಯುತ್ತದೆ.

ಕ್ರಿಯಾಪದದ ಜೊತೆ ‘ಹ್ಯಾಡ್’ ಥರದ ಸಹಾಯಕ ಪದ ಇದ್ದರೂ ತಿರುಗಿಸಬಾರದು. ‘ಹ್ಯಾಡ್ ಸೆಡ್ ದ ಫಾಕ್ಸ್’ ಆಗುವುದಿಲ್ಲ, ‘ದ ಫಾಕ್ಸ್ ಹ್ಯಾಡ್ ಸೆಡ್’ ಅಂತಲೇ ಬರಬೇಕು. ‘ಟೋಲ್ಡ್’ ಇದ್ದಾಗಲೂ ಅಷ್ಟೆ. ಅದಕ್ಕೆ ಕೇಳುವವರು ಪಕ್ಕದಲ್ಲೇ ಬೇಕು. ‘ಟೋಲ್ಡ್ ದ ಫಾಕ್ಸ್ ದ ಟೈಗರ್’ ಅಂತ ಬರೆದರೆ ಯಾರು ಯಾರಿಗೆ ಹೇಳಿದರು? ಕನ್ನಡದಲ್ಲಿ ‘ಹುಲಿಗೆ’ ಅಂದಾಗ ಆ ‘ಗೆ’ ಎಲ್ಲ ಕೆಲಸ ಮಾಡುತ್ತದೆ. ಪದವನ್ನು ಎಲ್ಲಿ ಇಟ್ಟರೂ ನಡೆಯುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸವನ್ನು ಜಾಗವೇ ಮಾಡಬೇಕು. ‘ಸೆಡ್ ದ ಫಾಕ್ಸ್ ಟು ದ ಟೈಗರ್’ ಸರಿ, ಯಾಕೆಂದರೆ ಅಲ್ಲಿ ‘ಟು’ ಇದೆ.

ನಿಮ್ಮ ಎರಡನೇ ಉದಾಹರಣೆ, ‘ಟೋಲ್ಡ್ ದಟ್’ ಆದಮೇಲೆ ಕೊಟೇಶನ್. ಇದು ನಮ್ಮ ರಾಜ್ಯದ ದೊಡ್ಡವರ ಬರವಣಿಗೆಯಲ್ಲೂ ಜಾಸ್ತಿ ಕಾಣುತ್ತದೆ. ಕೊಟೇಶನ್ ಹಾಕಿದರೆ ‘ಅವರು ಆಡಿದ ಮಾತು ಇದೇ’ ಅಂತ ಓದುವವರಿಗೆ ಮಾತು ಕೊಟ್ಟಂತೆ. ‘ದಟ್’ ಹಾಕಿದರೆ ‘ಅವರು ಹೇಳಿದ್ದನ್ನು ನನ್ನ ವಾಕ್ಯಕ್ಕೆ ಹೊಂದಿಸಿ ಹೇಳುತ್ತಿದ್ದೇನೆ’ ಅಂತ. ಕತೆ ಬರೆಯುವಾಗ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಕನ್ನಡದ ‘ಅಂತ’ಕ್ಕೆ ಆ ಇಕ್ಕಟ್ಟು ಇಲ್ಲ. ‘ನಾಳೆ ಬರ್ತೀನಿ ಅಂತ ನರಿ ಹೇಳಿತು’ ಅನ್ನುತ್ತೇವೆ, ‘ಬರ್ತೀನಿ’ ಹಾಗೇ ಉಳಿಯುತ್ತದೆ. ಇಂಗ್ಲಿಷಿನಲ್ಲಿ ‘ದಟ್’ ಬಂತು ಅಂದರೆ ‘ಐ’ ಹೋಗಿ ‘ಹಿ’ ಅಥವಾ ‘ಇಟ್’ ಆಗಬೇಕು, ‘ವಿಲ್’ ಸಾಮಾನ್ಯವಾಗಿ ‘ವುಡ್’ ಆಗುತ್ತದೆ, ‘ಟುಮಾರೊ’ ‘ದ ನೆಕ್ಸ್ಟ್ ಡೇ’ ಆಗುತ್ತದೆ. ಪ್ರಶ್ನೆ ಆದರೆ ಪದಗಳ ಸಾಲೂ ಬದಲಾಗುತ್ತದೆ:

ದ ಟೈಗರ್ ಆಸ್ಕ್ಡ್, “ವೇರ್ ಆರ್ ಯು ಗೋಯಿಂಗ್?”

ದ ಟೈಗರ್ ಆಸ್ಕ್ಡ್ ವೇರ್ ದ ಫಾಕ್ಸ್ ವಾಸ್ ಗೋಯಿಂಗ್.

ಎರಡನೆಯದರಲ್ಲಿ ಕಾಮಾ ಇಲ್ಲ, ಕೊಟೇಶನ್ ಇಲ್ಲ, ಪ್ರಶ್ನೆ ಚಿಹ್ನೆಯೂ ಇಲ್ಲ. ‘ವಾಸ್’ ಕರ್ತೃವಿನ ಹಿಂದಕ್ಕೆ ಸರಿದಿದೆ. ‘ಆಸ್ಕ್ಡ್ ದಟ್ ವೇರ್ ಆರ್ ಯು ಗೋಯಿಂಗ್’ ಅನ್ನುವ ವಾಕ್ಯ ಹುಟ್ಟುವುದು ‘ಎಲ್ಲಿಗೆ ಹೋಗ್ತಿದ್ದೀಯಾ ಅಂತ ಕೇಳಿತು’ ಅನ್ನುವುದನ್ನು ಪದಕ್ಕೆ ಪದ ಇಟ್ಟಾಗ. ಬೋರ್ಡಿನ ಮೇಲೆ ಎರಡನ್ನೂ ಅಕ್ಕಪಕ್ಕ ಬರೆದು ತೋರಿಸಿ, ಮಕ್ಕಳೇ ಹಿಡಿಯುತ್ತಾರೆ.

ಲಂಡನ್, ನ್ಯೂಯಾರ್ಕ್ ವಿಷಯ. ಅಮೆರಿಕದವರು ಷಿಕಾಗೊ ವಿಶ್ವವಿದ್ಯಾಲಯದ ಪ್ರೆಸ್ಸಿನವರು 1906ರಲ್ಲಿ ಮೊದಲು ತಂದ ಕೈಪಿಡಿಯ ದಾರಿ ಹಿಡಿಯುವುದು ಹೆಚ್ಚು. ಆಕ್ಸ್‌ಫರ್ಡಿನ ಪ್ರೆಸ್ಸಿನಲ್ಲಿ ಹೊರೇಸ್ ಹಾರ್ಟ್ ಎಂಬವರು 1893ರಲ್ಲಿ ಅಚ್ಚುಮೊಳೆ ಜೋಡಿಸುವವರಿಗಾಗಿ ಮಾಡಿದ ನಿಯಮಗಳು ಬ್ರಿಟನ್ನಿನಲ್ಲಿ ಇಂದಿಗೂ ಹೊಸ ರೂಪದಲ್ಲಿ ಬಳಕೆಯಲ್ಲಿವೆ. ಅಮೆರಿಕದಲ್ಲಿ ಕಾಮಾ, ಫುಲ್‌ಸ್ಟಾಪ್ ಎರಡೂ ಯಾವಾಗಲೂ ಕೊಟೇಶನ್ ಒಳಗೆ. ಬ್ರಿಟನ್ನಿನಲ್ಲಿ ಅರ್ಥ ನೋಡಿ ಇಡುತ್ತಾರೆ. ಚಿಹ್ನೆ ಆ ಮಾತಿಗೆ ಸೇರಿದ್ದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಆದರೆ ಕತೆಯ ಸಂಭಾಷಣೆಯಲ್ಲಿ ಮಾತು ಮುಗಿದು ‘ಶಿ ಸೆಡ್’ ಬರುವ ಕಡೆ ಬ್ರಿಟನ್ನಿನವರೂ ಕಾಮಾವನ್ನು ಒಳಗೇ ಇಡುತ್ತಾರೆ. ನಿಮ್ಮ ವಿದ್ಯಾರ್ಥಿನಿ ಹೊರಗೆ ನೋಡಿದ್ದು ಬಹುಶಃ ಇಂಥ ಕಡೆ ಇರಬೇಕು:

‘ದ ಟೈಗರ್’, ಶಿ ಸೆಡ್, ‘ಈಸ್ ಅಸ್ಲೀಪ್.’

ಇಲ್ಲಿ ಒಂದೇ ವಾಕ್ಯವನ್ನು ಸೀಳಿ ನಡುವೆ ‘ಶಿ ಸೆಡ್’ ಇಟ್ಟಿದ್ದಾರೆ. ಅವಳು ಆಡಿದ ಮಾತಿನಲ್ಲಿ ‘ಟೈಗರ್’ ಆದಮೇಲೆ ಕಾಮಾ ಇರಲಿಲ್ಲ. ಆ ಕಾಮಾ ನಮ್ಮದು, ಹಾಗಾಗಿ ಹೊರಗೆ ಅನ್ನುವುದು ಬ್ರಿಟನ್ನಿನ ಕಟ್ಟುನಿಟ್ಟಿನ ಪದ್ಧತಿ. ಅಲ್ಲಿಯೂ ಬಹಳ ಪ್ರಕಾಶಕರು ಇದನ್ನು ಬಿಟ್ಟು ಒಳಗೇ ಇಡುತ್ತಾರೆ. ಸೀಳಿದ ವಾಕ್ಯದ ಎರಡನೇ ತುಂಡು ಸಣ್ಣಕ್ಷರದಿಂದ ಶುರುವಾಗುತ್ತದೆ, ಇದಂತೂ ಎರಡೂ ದೇಶಗಳಲ್ಲಿ ಒಂದೇ. ಎರಡನೇ ತುಂಡು ಹೊಸ ವಾಕ್ಯವಾದರೆ ‘ಶಿ ಸೆಡ್’ ಆದಮೇಲೆ ಫುಲ್‌ಸ್ಟಾಪ್ ಹಾಕಿ ದೊಡ್ಡಕ್ಷರದಿಂದ ಶುರು ಮಾಡಬೇಕು.

ನಿಮ್ಮ ಪತ್ರಿಕೆಗೆ ಜೋಡಿ ಕೊಟೇಶನ್ ಇಟ್ಟುಕೊಳ್ಳಿ ಅನ್ನುವುದು ನನ್ನ ಗಟ್ಟಿ ಸಲಹೆ. ಕೈಬರಹದಲ್ಲಿ ಒಂಟಿ ಚಿಹ್ನೆ ಹಾಕಿದರೆ ‘ಡೋಂಟ್’, ‘ಕಾಂಟ್’ ಪದಗಳ ನೆತ್ತಿಯ ಮೇಲಿನ ಚುಕ್ಕೆಯೂ ಹಾಗೇ ಕಾಣುತ್ತದೆ. ಮಾತು ಎಲ್ಲಿ ಮುಗಿಯಿತು ಅಂತ ಗೊತ್ತಾಗುವುದಿಲ್ಲ. ಒಂದು ಪದ್ಧತಿ ಹಿಡಿದರೆ ಮೊದಲ ಪುಟದಿಂದ ಕೊನೆಯವರೆಗೆ ಅದೇ ಇರಲಿ.

ಇನ್ನೊಂದು ಮಾತು. ಕನ್ನಡದಲ್ಲಿ ‘ಎಂದು ನಕ್ಕಳು’, ‘ಎಂದು ತಲೆಯಾಡಿಸಿದ’ ಅಂತ ಸಲೀಸಾಗಿ ಬರೆಯುತ್ತೇವೆ. ಮಕ್ಕಳು ಅದನ್ನೇ ‘“ಐ ನೋ,” ಶಿ ನಾಡೆಡ್’ ಮಾಡುತ್ತಾರೆ. ತಲೆಯಾಡಿಸಿ ಮಾತಾಡಲು ಆಗುವುದಿಲ್ಲ. ಅದು ಬೇರೆ ಕೆಲಸ, ಬೇರೆ ವಾಕ್ಯ. ಅಲ್ಲಿ ಫುಲ್‌ಸ್ಟಾಪ್ ಬೇಕು: “ಐ ನೋ.” ಶಿ ನಾಡೆಡ್. ‘ಸೆಡ್’ ಮತ್ತೆ ಮತ್ತೆ ಬಂತಲ್ಲ ಅಂತ ಮಕ್ಕಳು ‘ಎಕ್ಸ್‌ಕ್ಲೇಮ್ಡ್’, ‘ಡಿಕ್ಲೇರ್ಡ್’ ಅಂತ ಹುಡುಕಿ ಹಾಕುತ್ತಾರೆ, ನಾವೇ ಹಾಗೆ ಕಲಿಸುತ್ತೇವೆ. ಬೇಡ ಸರ್. ‘ಸೆಡ್’ ಕಣ್ಣಿಗೆ ಬೀಳದೆ ಕೆಲಸ ಮಾಡುವ ಪದ. ಅದನ್ನು ಹಾಗೇ ಬಿಡುವುದು ಒಳ್ಳೆಯದು.

ಲೆಸ್ಟರ್ ಕನ್ನಡತಿ:

ಪದ್ಮಾ ಅವರ ಉತ್ತರ ಓದಿ ಖುಷಿಯಾಯಿತು. ನನ್ನ ಮಗಳು ಇಲ್ಲಿ ಇಂಗ್ಲೆಂಡಿನ ಸರ್ಕಾರಿ ಪ್ರೈಮರಿ ಶಾಲೆಯಲ್ಲಿ ನಾಲ್ಕನೇ ವರ್ಷದಲ್ಲಿದ್ದಾಳೆ, ಅಂದರೆ ಎಂಟು ದಾಟಿದ ವಯಸ್ಸು. ಇಲ್ಲಿನ ರಾಷ್ಟ್ರೀಯ ಪಠ್ಯಕ್ರಮದ ಪ್ರಕಾರ ಮೂರನೇ ವರ್ಷದಲ್ಲಿ ಕೊಟೇಶನ್ ಚಿಹ್ನೆಯ ಪರಿಚಯ. ನಾಲ್ಕನೇ ವರ್ಷದಲ್ಲಿ ಅದರ ಜೊತೆಗಿನ ಕಾಮಾ, ಮಾತಿನ ಕೊನೆಯ ಚಿಹ್ನೆ ಒಳಗೆ ಬರಬೇಕು ಅನ್ನುವುದು. ಅಂದರೆ ಇಂಗ್ಲಿಷ್ ಮನೆಮಾತಾದ ಮಕ್ಕಳಿಗೂ ಇದಕ್ಕೆ ಎರಡು ವರ್ಷ ಕೊಡುತ್ತಾರೆ. ನಿಮ್ಮ ಮಕ್ಕಳಿಗೆ ಇದನ್ನು ಖಂಡಿತ ಹೇಳಿ ಸರ್.

ಕಲಿಸುವ ಒಂದು ವಿಧಾನ ಇಲ್ಲಿ ಬಹಳ ಶಾಲೆಗಳಲ್ಲಿದೆ. ಮಾತು ಶುರುವಾಗುವ ಕಡೆ ‘66’ರ ಆಕಾರ, ಮುಗಿಯುವ ಕಡೆ ‘99’ರ ಆಕಾರ. ಸಣ್ಣದಾಗಿ, ತಲೆ ತುಂಬಿಸಿ ಬರೆಯುತ್ತಾರೆ. ಕೈಬರಹದ ಪತ್ರಿಕೆ ಅಂದಿರಲ್ಲ, ನಿಮಗೆ ಇದು ಒದಗುತ್ತದೆ. ತೆರೆದ ಚಿಹ್ನೆ ಯಾವುದು, ಮುಚ್ಚಿದ್ದು ಯಾವುದು ಅಂತ ದೂರದಿಂದಲೇ ಗೊತ್ತಾಗುತ್ತದೆ. ಬಾಯಲ್ಲಿ ಆಡಿದ ಮಾತಿಗೆಲ್ಲ ಒಂದು ಬಣ್ಣದ ಪೆನ್ಸಿಲ್ಲಿನಲ್ಲಿ ಗೆರೆ ಎಳೆಸಿ, ಆಮೇಲೆ ಗೆರೆಯ ಎರಡು ತುದಿಗೆ 66, 99 ಹಾಕಿಸುವುದೂ ಉಂಟು. ಕಾಮಾ ಆ ಬಣ್ಣದ ಗೆರೆಯ ಮೇಲೇ ಬೀಳಬೇಕು.

ಮೈಸೂರು ಮೇಷ್ಟ್ರು:

ಮಕ್ಕಳಿಗೆ ಇದನ್ನೂ ಹೇಳಿ. ಈ ಚಿಹ್ನೆಗಳು ಮೊದಲಿಂದ ಇದ್ದವಲ್ಲ. 1611ರಲ್ಲಿ ಅಚ್ಚಾದ ಇಂಗ್ಲಿಷ್ ಬೈಬಲ್ಲಿನಲ್ಲಿ ದೇವರ ಮಾತು, ಮನುಷ್ಯರ ಮಾತು ಪುಟಪುಟಕ್ಕೂ ಇದೆ, ಕೊಟೇಶನ್ ಒಂದೂ ಇಲ್ಲ. ‘ಸೆಡ್’ ಆದಮೇಲೆ ಕಾಮಾ, ಕಾಮಾ ಆದಮೇಲೆ ದೊಡ್ಡಕ್ಷರ, ಅಷ್ಟೆ. ಅಷ್ಟರಿಂದಲೇ ಓದುಗರು ಮಾತು ಶುರುವಾಯಿತು ಅಂತ ತಿಳಿಯುತ್ತಿದ್ದರು. ವಾಕ್ಯದ ನಡುವೆ ಕಾಮಾ ಆದಮೇಲೂ ಮಾತು ದೊಡ್ಡಕ್ಷರದಿಂದ ಯಾಕೆ ಶುರುವಾಗುತ್ತದೆ ಅಂತ ಯಾರಾದರೂ ಕೇಳಿದರೆ ಆ ಪುಟ ತೋರಿಸಿ. ನಮ್ಮ ಓಲೆಗರಿಗಳಲ್ಲೂ ಈ ಚಿಹ್ನೆ ಇರಲಿಲ್ಲ. ಮಾತು ಎಲ್ಲಿ ಮುಗಿಯಿತು ಅನ್ನುವುದನ್ನು ‘ಎಂದು’, ‘ಎಂದನು’ ತಾನೇ ಹೇಳುತ್ತಿತ್ತು. ಮಾತಿನ ಕೊನೆಯನ್ನು ಪದವೇ ತೋರಿಸುವ ಭಾಷೆಯಿಂದ ಬಂದ ಮಕ್ಕಳು ಮುಚ್ಚುವ ಚಿಹ್ನೆಯನ್ನು ಮರೆಯುವುದು ಸಹಜ. ತೆರೆಯುವುದನ್ನು ಅಷ್ಟಾಗಿ ಮರೆಯುವುದಿಲ್ಲ, ಗಮನಿಸಿ ನೋಡಿ.

ವರದಾ ತೀರ:

ಮೂವರಿಗೂ ತುಂಬ ಥ್ಯಾಂಕ್ಸ್. ದ್ರಾಕ್ಷಿಯ ಪಾಠ ಇವತ್ತೇ ಮಾಡಿದೆ. ಹುಡುಗರು ತಾವೇ ಬೋರ್ಡಿಗೆ ಬಂದು ‘ಏಟ್’ ಅಳಿಸಿ ‘ಸೆಡ್’ ಬರೆದರು. ಮೇಷ್ಟ್ರು ಹೇಳಿದ್ದು ನಿಜ, ಮೂವತ್ತು ಚಿಲ್ಲರೆ ಹಾಳೆ ನೋಡಿದರೆ ತಪ್ಪಿರುವುದು ಹೆಚ್ಚಾಗಿ ಮುಚ್ಚುವ ಚಿಹ್ನೆಯೇ.

ಈಗ ಒಂದು ಕಷ್ಟದ ಕತೆ ಬಂದಿದೆ ಪದ್ಮಾ ಮೇಡಂ. ಅಜ್ಜಿ ಮೊಮ್ಮಗಳಿಗೆ ಕತೆ ಹೇಳುತ್ತಾಳೆ. ಅಜ್ಜಿಯ ಮಾತೇ ಮೂರು ಪ್ಯಾರಾ ಇದೆ. ಆ ಮಾತಿನ ಒಳಗೆ ಹುಲಿ ಮಾತಾಡುತ್ತದೆ. ಮೊಮ್ಮಗಳು ನಡುವೆ ಅರ್ಧಕ್ಕೇ ತಡೆಯುತ್ತಾಳೆ. ಹುಡುಗಿ ಬಹಳ ಚೆನ್ನಾಗಿ ಬರೆದಿದ್ದಾಳೆ, ಚಿಹ್ನೆಗೋಸ್ಕರ ಕತೆಯನ್ನು ಸರಳ ಮಾಡಲು ನನಗೆ ಮನಸ್ಸಿಲ್ಲ. ಹೇಗೆ ಮಾಡಿಸಲಿ?

ಪ್ರೂಫ್ ಪದ್ಮಾ:

ಖಂಡಿತ ಸರಳ ಮಾಡಬೇಡಿ ಸರ್. ಇಂಥ ಕತೆಗೋಸ್ಕರವೇ ಈ ಚಿಹ್ನೆಗಳು ಇರುವುದು.

ಅಜ್ಜಿಯ ಉದ್ದ ಮಾತಿಗೆ ಪ್ರತಿ ಪ್ಯಾರಾದ ಶುರುವಿನಲ್ಲೂ ಕೊಟೇಶನ್ ತೆರೆಯಬೇಕು, ಆದರೆ ಮುಚ್ಚುವುದು ಕೊನೆಯ ಪ್ಯಾರಾದ ಕೊನೆಯಲ್ಲಿ ಮಾತ್ರ. ಮೊದಲ ಪ್ಯಾರಾದ ಕೊನೆಯಲ್ಲಿ ಮುಚ್ಚಿಬಿಟ್ಟರೆ, ಎರಡನೆಯದು ಶುರುವಾದಾಗ ಬೇರೆ ಯಾರೋ ಮಾತಾಡುತ್ತಿದ್ದಾರೆ ಅಂತ ಓದುವವರು ತಿಳಿಯುತ್ತಾರೆ. ಯಾಕೆಂದರೆ ಮಾತಾಡುವವರು ಬದಲಾದಾಗಲೆಲ್ಲ ಹೊಸ ಪ್ಯಾರಾ ಅನ್ನುವುದು ಇಂಗ್ಲಿಷ್ ಕತೆಯ ಪದ್ಧತಿ. ಈ ಪದ್ಧತಿಯನ್ನು ಮಕ್ಕಳಿಗೆ ಬಿಡದೆ ಕಲಿಸಿ. ಹೊಸ ಸಾಲು ಬಂತು ಅಂದರೆ ಇನ್ನೊಬ್ಬರ ಸರದಿ ಅಂತ ಓದುವವರಿಗೆ ತಿಳಿಯುತ್ತದೆ, ಆಗ ಇಬ್ಬರ ಮಾತುಕತೆಯಲ್ಲಿ ಅರ್ಧಕ್ಕರ್ಧ ‘ಸೆಡ್’ ಬೇಕಾಗುವುದೇ ಇಲ್ಲ.

ಹುಲಿಯ ಮಾತು ಅಜ್ಜಿಯ ಮಾತಿನ ಒಳಗಿದೆ, ಹಾಗಾಗಿ ಒಂಟಿ ಕೊಟೇಶನ್. ಹೊರಗೆ ಜೋಡಿ, ಒಳಗೆ ಒಂಟಿ. ಬ್ರಿಟನ್ ಪದ್ಧತಿ ಆದರೆ ಇದರ ತಿರುಗು. ಎರಡೂ ಒಂದೇ ಕಡೆ ಮುಗಿದರೆ ಮೊದಲು ಫುಲ್‌ಸ್ಟಾಪ್, ಆಮೇಲೆ ಒಂಟಿ, ಆಮೇಲೆ ಜೋಡಿ. ಮೂರು ಗೆರೆ ಅಂಟಿಕೊಂಡು ಕಾಣದ ಹಾಗೆ ಕೈಬರಹದಲ್ಲಿ ನಡುವೆ ಸ್ವಲ್ಪ ಜಾಗ ಬಿಡಿಸಿ.

ಮೊಮ್ಮಗಳು ತಡೆದ ಕಡೆ ಉದ್ದ ಗೆರೆ ಹಾಕಿ, ಕೊಟೇಶನ್ ಒಳಗೇ. ಚುಕ್ಕೆಗಳನ್ನು ಹಾಕಬೇಡಿ. ಮೂರು ಚುಕ್ಕೆ ಹಾಕಿದರೆ ಅಜ್ಜಿ ತಾನೇ ಮಾತು ನಿಲ್ಲಿಸಿದಳು, ಯೋಚನೆಗೆ ಬಿದ್ದಳು ಅಂತ ಅರ್ಥ. ಗೆರೆ ಹಾಕಿದರೆ ಯಾರೋ ಅವಳ ಮಾತನ್ನು ಕತ್ತರಿಸಿದರು ಅಂತ. ಗೆರೆ ಬಂದಮೇಲೆ ಕಾಮಾ, ಫುಲ್‌ಸ್ಟಾಪ್ ಬೇಡ. ಒಂದು ಮಾದರಿ ಬರೆದಿದ್ದೇನೆ, ಹುಡುಗಿಗೆ ತೋರಿಸಿ. ಇಲ್ಲಿ ಮೊಮ್ಮಗಳು ಮಾತು ತಡೆದಿದ್ದಾಳೆ, ಅಜ್ಜಿಯ ಸರದಿ ಮುಗಿದಿದೆ, ಹಾಗಾಗಿ ಅಲ್ಲಿ ಮುಚ್ಚಿದ್ದೇನೆ:

“ದ ಟೈಗರ್ ಸ್ಯಾಟ್ ಬೈ ದ ವೆಲ್,” ಸೆಡ್ ಅಜ್ಜಿ. “ಹಿ ವಾಸ್ ಓಲ್ಡ್ ಅಂಡ್ ಹಂಗ್ರಿ.

“ಎ ಕಾಫ್ ಕೇಮ್ ಟು ಡ್ರಿಂಕ್. ದ ಟೈಗರ್ ಸೆಡ್, ‘ಕಮ್ ಕ್ಲೋಸರ್, ಚೈಲ್ಡ್.’ ಅಂಡ್ ದ ಕಾಫ್—”

“ಡಿಡ್ ಶಿ ಗೋ?”

“ವೇಟ್,” ಸೆಡ್ ಅಜ್ಜಿ. “ಶಿ ಲುಕ್ಡ್ ಅಟ್ ಹಿಮ್ ಅಂಡ್ ಸೆಡ್, ‘ಮೈ ಮದರ್ ಈಸ್ ಬಿಹೈಂಡ್ ಮಿ.’ ”

ಕೊನೆಯ ಸಾಲಿನಲ್ಲಿ ಕರುವಿನ ಮಾತು, ಅಜ್ಜಿಯ ಮಾತು ಎರಡೂ ಒಟ್ಟಿಗೆ ಮುಚ್ಚುತ್ತವೆ. ಮೊದಲ ಪ್ಯಾರಾದಲ್ಲಿ ‘ಹಂಗ್ರಿ’ ಆದಮೇಲೆ ಚಿಹ್ನೆ ಮುಚ್ಚಿಲ್ಲ, ಅಲ್ಲಿ ಮಕ್ಕಳ ಕೈ ತಾನಾಗಿಯೇ ಮುಚ್ಚಲು ಹೋಗುತ್ತದೆ, ನಿಲ್ಲಿಸಿ ತೋರಿಸಿ. ‘ಅಜ್ಜಿ’ ಅನ್ನುವುದನ್ನು ಇಂಗ್ಲಿಷಿನಲ್ಲಿ ಹೆಸರಿನ ಹಾಗೆ ದೊಡ್ಡಕ್ಷರದಿಂದಲೇ ಬರೆಯಿಸಿ. ಮೊಮ್ಮಗಳ ಪ್ರಶ್ನೆಗೆ ‘ಆಸ್ಕ್ಡ್’ ಹಾಕಿಲ್ಲ, ಹೊಸ ಸಾಲೇ ಅದನ್ನು ಹೇಳುತ್ತಿದೆ.